ಸ್ಕಿನ್ ಕ್ಲಿನಿಕ್ಕಿಗೆ ಹೊರಟ ಸಿಸ್ಟರ್‌ಗಳಿಗೆ ಎರಡು ದಿನದ ಕೋರ್ಸ್ ಸಾಲದು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಒಬ್ಬರು ನಮ್ಮನ್ನು ಚೆನ್ನಾಗಿ ಬೈದಿದ್ದರು. ಆಸ್ಪತ್ರೆಗಳಲ್ಲಿ ನರ್ಸ್‌ಗಳು ಸಾಲುತ್ತಿಲ್ಲ, ಇರುವವರೂ ವಾರ್ಡ್ ಬಿಟ್ಟು ಸ್ಕಿನ್ ಕ್ಲಿನಿಕ್ ಸೇರುತ್ತಿದ್ದಾರೆ, ದುಡ್ಡಿದ್ದವರ ಮುಖದ ಸುಕ್ಕು ತೆಗೆಯುತ್ತಾ ಕೂತಿದ್ದಾರೆ ಎಂಬುದು ಅವರ ದೂರು. ಓದಿ ಮೊದಲು ಸಿಟ್ಟು ಬಂತು. ಸಂಜೆ ಹೊತ್ತಿಗೆ, ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ ಅಲ್ವಾ ಅನ್ನಿಸಿತು. ಆದರೆ ಹೆದರಬೇಕಾದ ವಿಷಯ ಮಾತ್ರ ಅವರ ಪತ್ರದಲ್ಲಿ ಇರಲೇ ಇಲ್ಲ. ಅದನ್ನು ಬರೆಯೋಣ ಎಂದು ಕೂತಿದ್ದೇನೆ. ಪತ್ರ ಉದ್ದವಾದರೆ ಕ್ಷಮಿಸಿ. ನೈಟ್ ಡ್ಯೂಟಿ ರಿಪೋರ್ಟ್ ಬರೆದು ಪಳಗಿದ ಕೈ, ಏನನ್ನೂ ಬಿಡಲು ಒಪ್ಪಲ್ಲ.

ನಾನು ನರ್ಸ್. 11 ವರ್ಷ ಸುಟ್ಟಗಾಯದ ವಾರ್ಡಿನಲ್ಲಿದ್ದೆ. ಸ್ಕಿನ್ ಕ್ಲಿನಿಕ್ ಕೆಲಸಕ್ಕೆ ಬಂದು 8 ವರ್ಷವಾಯಿತು. ಮೊದಲ ವರ್ಷ ಒಂದು ದೊಡ್ಡ ಕ್ಲಿನಿಕ್ಕಿನಲ್ಲಿ, ಆಮೇಲೆ ಈಗಿರುವ ಚರ್ಮದ ಡಾಕ್ಟರ ಬಳಿ. ವಾರ್ಡ್ ಯಾಕೆ ಬಿಟ್ಟೆ ಅಂದರೆ, ಬೆನ್ನು. ಒಂದು ಬೆಳಗ್ಗೆ ರೋಗಿಯನ್ನು ಮಗ್ಗುಲು ತಿರುಗಿಸುವಾಗ ಸೊಂಟ ಹಿಡಿದದ್ದು ಮೂರು ವಾರ ಬಿಡಲಿಲ್ಲ. ಮತ್ತೆ ಡ್ಯೂಟಿಗೆ ಹೋದ ದಿನವೇ ಮತ್ತೆ ಹಿಡಿಯಿತು. ಜೊತೆಗೆ ನೈಟ್ ಡ್ಯೂಟಿ. ಹಗಲು ನಿದ್ದೆ ಬಾರದೆ ಮಕ್ಕಳ ಮೇಲೆ ರೇಗುವುದು. ಸ್ಕಿನ್ ಕ್ಲಿನಿಕ್ಕಿನಲ್ಲಿ ಹಗಲು ಕೆಲಸ, ಭಾರ ಎತ್ತುವುದಿಲ್ಲ, ಸಂಬಳವೂ ಜಾಸ್ತಿ. ಇದರಲ್ಲಿ ಮುಚ್ಚಿಡುವುದೇನಿದೆ? ನರ್ಸ್‌ಗಳು ವಾರ್ಡಿನಲ್ಲೇ ಉಳಿಯಬೇಕು ಅನ್ನುವವರು ವಾರ್ಡಿನಲ್ಲಿ ಇರುವಂತೆ ಮಾಡಲಿ. ಅದು ಬೇರೆ ಪತ್ರದ ವಿಷಯ, ಇಲ್ಲಿಗೆ ಬಿಡುತ್ತೇನೆ.

ಇನ್ನು ಸುಕ್ಕಿನ ಮಾತು. ನಮ್ಮಲ್ಲಿಗೆ ಬರುವವರೆಲ್ಲ ಸುಕ್ಕಿಗಾಗಿ ಬರುವವರಲ್ಲ. ಒಬ್ಬಳು ಹುಡುಗಿ ಬರುತ್ತಿದ್ದಳು, ಕಾಲೇಜು ಓದುವವಳು. ಹಾರ್ಮೋನ್ ಏರುಪೇರಾಗುವ ಪಿಸಿಓಎಸ್ ಇತ್ತು, ಗಲ್ಲದ ಮೇಲೆ ದಪ್ಪ ಕೂದಲು. ಮನೆಯವರು ಏಳುವ ಮುಂಚೆ ಎದ್ದು ದಿನಾ ಶೇವ್ ಮಾಡಿಕೊಳ್ಳುತ್ತಿದ್ದಳಂತೆ. ಮೊದಲ ದಿನ ಮಾತಾಡುವಷ್ಟೂ ಹೊತ್ತು ಎಡಗೈ ಗಲ್ಲದ ಮೇಲೇ ಇತ್ತು, ಏನೋ ಯೋಚನೆ ಮಾಡುತ್ತಿರುವವರ ಹಾಗೆ. ಫಾರ್ಮಿಗೆ ಸಹಿ ಹಾಕುವಾಗಲೂ ಕೈ ತೆಗೆಯಲಿಲ್ಲ, ಕಾಗದ ಜಾರದಂತೆ ನಾನೇ ಹಿಡಿದುಕೊಂಡೆ. ಕೂದಲು ಬೆಳೆಯುವ ಹಂತದಲ್ಲಿದ್ದಾಗ ಮಾತ್ರ ಲೇಸರ್ ಅದರ ಬೇರಿಗೆ ತಾಗುತ್ತದೆ. ಎಲ್ಲಾ ಕೂದಲೂ ಒಟ್ಟಿಗೆ ಆ ಹಂತದಲ್ಲಿರಲ್ಲ. ಅದಕ್ಕೇ ವಾರಗಳ ಅಂತರ ಬಿಟ್ಟು ಮತ್ತೆ ಮತ್ತೆ ಮಾಡಬೇಕು. ಐದನೇ ಸಲವೋ ಆರನೇ ಸಲವೋ ಬಂದಾಗ ಎರಡೂ ಕೈಯಲ್ಲಿ ಫೋನ್ ಹಿಡಿದು ಏನೋ ಟೈಪ್ ಮಾಡುತ್ತಾ ಕೂತಿದ್ದಳು. ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ಕೈ ಮತ್ತೆ ಗಲ್ಲಕ್ಕೆ ಹೋಗುತ್ತಿತ್ತೇನೋ. ಬರೀ ಸೌಂದರ್ಯದ ಹುಚ್ಚು ಅನ್ನುವವರಿಗೆ ನಾನು ಇವಳ ಕತೆ ಹೇಳುತ್ತೇನೆ. ಮೊಡವೆಯ ಗುಂಡಿಗಳು, ಸುಟ್ಟ ಕಲೆಗಳು, ಕಂಕುಳಲ್ಲಿ ಅಂಗಿ ತೊಯ್ಯುವಷ್ಟು ಬೆವರು, ಇವುಗಳಿಗೂ ಇಲ್ಲೇ ಚಿಕಿತ್ಸೆ. ಸುಕ್ಕಿಗೆ ಬರುವವರೂ ಇದ್ದಾರೆ. ಬರಲಿ ಬಿಡಿ, ಅವರ ಮುಖ.

ಬೊಟಾಕ್ಸ್ ಅಂದರೆ ಸ್ನಾಯುವನ್ನು ಸಡಿಲ ಮಾಡಿ ಸುಕ್ಕು ಇಳಿಸುವ ಇಂಜೆಕ್ಷನ್. ಜನ ಅದನ್ನು ಬ್ಯೂಟಿ ಪಾರ್ಲರಿನ ಸಾಮಾನು ಅಂದುಕೊಂಡಿದ್ದಾರೆ. ಅದು ಬಂದದ್ದು ಕಣ್ಣಿನ ಡಾಕ್ಟರ ಕೋಣೆಯಿಂದ. ಮೆಳ್ಳೆಗಣ್ಣಿಗೂ ತಡೆಯಿಲ್ಲದೆ ಮಿಟುಕುವ ರೆಪ್ಪೆಗೂ ಔಷಧವಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1989ರಲ್ಲಿ ಅದನ್ನು ಒಪ್ಪಿತು. ಕೆನಡಾದ ವ್ಯಾಂಕೂವರಿನಲ್ಲಿ ಜೀನ್ ಕ್ಯಾರುದರ್ಸ್ ಎಂಬ ಕಣ್ಣಿನ ಡಾಕ್ಟರ್ ರೆಪ್ಪೆಗೆ ಇದನ್ನು ಕೊಡುತ್ತಿದ್ದಾಗ, ಹುಬ್ಬಿನ ನಡುವಿನ ಗೆರೆಗಳು ಮಾಯವಾಗುವುದನ್ನು ಒಬ್ಬ ರೋಗಿಯೇ ಹೇಳಿದ್ದು. ಅವರ ಗಂಡ ಅಲಸ್ಟೇರ್ ಚರ್ಮದ ಡಾಕ್ಟರ್. ಇಬ್ಬರೂ ಸೇರಿ ಸುಕ್ಕಿಗೆ ಪ್ರಯತ್ನಿಸಿ 1992ರಲ್ಲಿ ಬರೆದರು. ಹುಬ್ಬಿನ ಗೆರೆಗೆಂದು ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2002ರಲ್ಲಿ. ಹಾಗಾಗಿ ಇದು ಔಷಧ. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಲೆಕ್ಕ ಹಾಕಿ ಕಲಸಬೇಕು, ಬ್ಯಾಚ್ ನಂಬರ್ ಬರೆದಿಡಬೇಕು. ಬಸುರಿಗೆ ಕೊಡಲ್ಲ. ಮಯಸ್ತೇನಿಯಾದಂಥ ನರ-ಸ್ನಾಯುವಿನ ಕಾಯಿಲೆ ಇದೆಯಾ ಎಂದು ಕೇಳದೆ ಯಾರಿಗೂ ಕೊಡಬಾರದು.

ಆ ಕಲಸುವ ಲೆಕ್ಕ ಒಂದನ್ನು ಹೇಳಿಬಿಡುತ್ತೇನೆ, ಬೇಜಾರಾದರೆ ಬಿಟ್ಟು ಮುಂದೆ ಹೋಗಿ. ನಮ್ಮ ಡಾಕ್ಟರ್ ತರಿಸುವುದು 100 ಯೂನಿಟ್ಟಿನ ವಯಲ್. ಅದಕ್ಕೆ 2.5 ಮಿ.ಲೀ. ಸಲೈನ್ ಹಾಕಿದರೆ 0.1 ಮಿ.ಲೀ.ನಲ್ಲಿ 4 ಯೂನಿಟ್ ಇರುತ್ತದೆ. ಹುಬ್ಬಿನ ನಡುವೆ ಸಾಮಾನ್ಯವಾಗಿ ಐದು ಕಡೆ, ಒಟ್ಟು 20 ಯೂನಿಟ್. ಸಣ್ಣ ಸೂಜಿ ಬೇಕೆಂದು ಕೆಲವರು ಇನ್ಸುಲಿನ್ ಸಿರಿಂಜ್ ತೆಗೆದುಕೊಳ್ಳುತ್ತಾರೆ. ಅದರ ಮೇಲೂ ಯೂನಿಟ್ ಅಂತಲೇ ಬರೆದಿರುತ್ತದೆ, ಆದರೆ ಅದು ಇನ್ಸುಲಿನ್ ಯೂನಿಟ್. 1 ಮಿ.ಲೀ.ಗೆ 40 ಯೂನಿಟ್ ಗುರುತಿರುವ 40ರ ಸಿರಿಂಜ್ ಆದರೆ ಮೇಲೆ ಹೇಳಿದಂತೆ ಕಲಸಿದಾಗ ಗೆರೆಯೂ ಯೂನಿಟ್ಟೂ ಅದೃಷ್ಟಕ್ಕೆ ಸರಿಹೊಂದುತ್ತವೆ. 100ರ ಸಿರಿಂಜಿನಲ್ಲಿ 20ನೇ ಗೆರೆ ತನಕ ಎಳೆದರೆ ಒಳಗಿರುವುದು ಬರೀ 8 ಯೂನಿಟ್. ಮೊದಲಿನದಕ್ಕೆ ಪಳಗಿದವಳ ಕೈಗೆ ಎರಡನೆಯದು ಸಿಕ್ಕರೆ ಮುಗಿಯಿತು. ಇದರ ಮೇಲೆ, ಒಂದು ಕಂಪನಿಯ ಯೂನಿಟ್ ಇನ್ನೊಂದು ಕಂಪನಿಯ ಯೂನಿಟ್ಟಿಗೆ ಸಮ ಅಲ್ಲ. ಹುಬ್ಬಿನ ಗೆರೆಗೇ ಒಂದು ಬ್ರ್ಯಾಂಡಿನಲ್ಲಿ 20 ಆದರೆ ಇನ್ನೊಂದರಲ್ಲಿ 50. ಮಕ್ಕಳ ವಾರ್ಡಿನಲ್ಲಿ ತೂಕ ನೋಡಿ ಡೋಸ್ ಕಟ್ಟಿದ ನರ್ಸ್‌ಗೆ ಈ ಲೆಕ್ಕ ಕಷ್ಟವೇನಲ್ಲ. ಈ ಕೆಲಸಕ್ಕೆ ನಾವು ಲಾಯಕ್ಕು ಅಂತ ನಾನು ಧೈರ್ಯವಾಗಿ ಹೇಳುವುದು ಅದಕ್ಕೇ.

ಹಾಗಾದರೆ ತೊಂದರೆ ಎಲ್ಲಿ? ಕಲಿಸುವ ಕಡೆ.

ನಾನು ಮೊದಲು ಹೋದ ಕೋರ್ಸ್ ಎರಡು ದಿನದ್ದು. ಶನಿವಾರ ಪೂರ್ತಿ ಸ್ಲೈಡ್. ಮುಖದ ರಕ್ತನಾಳಗಳಿಗೆ ಕೊಟ್ಟದ್ದು ಮುಕ್ಕಾಲು ಗಂಟೆ. ಭಾನುವಾರ ಕೈಗೆ ಸಿರಿಂಜ್. ನಾವು ಹನ್ನೆರಡು ಜನ, ಮಾಡೆಲ್ ಆಗಿ ಬಂದವರು ಮೂವರು. ನನ್ನ ಪಾಲಿಗೆ ಬಂದದ್ದು ಒಬ್ಬರ ಹಣೆಯಲ್ಲಿ ಎರಡು ಚುಚ್ಚು, ಇನ್ನೊಬ್ಬರ ತುಟಿಯ ಬಲಗಡೆ ಒಂದು. ತುಟಿಯ ಎಡಗಡೆ ಚುಚ್ಚಿದವಳು ನನ್ನ ಪಕ್ಕದವಳು. ಸಂಜೆ ಚಿನ್ನದ ಬಣ್ಣದ ಅಂಚಿರುವ ಸರ್ಟಿಫಿಕೇಟ್ ಕೊಟ್ಟು ಫೋಟೋ ತೆಗೆದರು. ಒಬ್ಬ ಬ್ರದರ್ ಎದ್ದು, ಸರ್, ಏನಾದರೂ ತೊಂದರೆಯಾದರೆ ಏನು ಮಾಡಬೇಕು ಎಂದು ಕೇಳಿದ. ನಮ್ಮ ವಾಟ್ಸ್ಯಾಪ್ ಗ್ರೂಪಿಗೆ ಫೋಟೋ ಹಾಕಿ, ಹೇಳುತ್ತೇವೆ ಅಂದರು. ಅಷ್ಟೇ. ಸುಟ್ಟಗಾಯದ ವಾರ್ಡಿನಲ್ಲಿ ಮೊದಲ ಡ್ರೆಸ್ಸಿಂಗ್ ಒಬ್ಬಳೇ ಮಾಡಲು ನಮ್ಮ ಹೆಡ್ ಸಿಸ್ಟರ್ ನನ್ನನ್ನು ಎರಡು ತಿಂಗಳು ಕಾಯಿಸಿದ್ದರು. ಆವತ್ತು ಬಸ್ಸಿನಲ್ಲಿ ಆ ಸರ್ಟಿಫಿಕೇಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅದೇ ಯೋಚಿಸುತ್ತಾ ಬಂದೆ.

ಆ ಕೋರ್ಸ್ ನಂಬಿ ಸೇರಿದ ದೊಡ್ಡ ಕ್ಲಿನಿಕ್ಕಿನಲ್ಲಿ ನಾನೇ ಮಾಡಿದ ತಪ್ಪು ಒಂದಿದೆ. ಕಾಲಿನ ಕೂದಲಿಗೆ ಲೇಸರ್ ಮಾಡಿಸಿಕೊಳ್ಳುತ್ತಿದ್ದವರು ರಜೆ ಮುಗಿಸಿ ಬಂದಿದ್ದರು. ಬಿಸಿಲಿಗೆ ಮೈ ಕಪ್ಪಾಗಿತ್ತು. ನಾನು ಹಿಂದಿನ ಸಲದ ಸೆಟ್ಟಿಂಗ್ ನೋಡಿ ಅದನ್ನೇ ಹಾಕಿದೆ. ಮೊದಲು ಸಣ್ಣ ಜಾಗದಲ್ಲಿ ಹೊಡೆದು ನೋಡುವ ಟೆಸ್ಟ್ ಪ್ಯಾಚ್ ಮಾಡಲಿಲ್ಲ. ಹೊರಗೆ ನಾಲ್ಕು ಜನ ಕಾಯುತ್ತಿದ್ದರು ಅನ್ನುವುದು ನೆಪ. ಲೇಸರಿನ ಬೆಳಕು ಹುಡುಕುವುದು ಬಣ್ಣವನ್ನು, ಅಂದರೆ ಮೆಲನಿನ್ನನ್ನು. ಕೂದಲಿನ ಮೆಲನಿನ್ ಯಾವುದು, ಚರ್ಮದ ಮೆಲನಿನ್ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಮೈಬಣ್ಣ ಗಾಢವಾದಷ್ಟೂ ಶಾಖ ಮೇಲಿನ ಚರ್ಮದಲ್ಲೇ ಉಳಿಯುತ್ತದೆ. ಮರುದಿನ ಅವರು ಕಾಲು ತೋರಿಸಿದಾಗ, ಹ್ಯಾಂಡ್‌ಪೀಸಿನ ಕಿಟಕಿಯ ಅಳತೆಗೇ ಸಾಲಾಗಿ ಕೆಂಪು ಚೌಕಗಳು, ಅಂಚೆಚೀಟಿ ಅಂಟಿಸಿದ ಹಾಗೆ. ಆಮೇಲೆ ಅವು ಕಪ್ಪಾದವು. ಪೂರ್ತಿ ಮಾಸಲು ನಾಲ್ಕು ತಿಂಗಳು ಹಿಡಿಯಿತು. ಸುಟ್ಟಗಾಯ ವಾಸಿ ಮಾಡುತ್ತಿದ್ದ ನಾನು ಸುಟ್ಟಗಾಯ ಮಾಡಿದ್ದೆ.

ಆಮೇಲೆ ನಾನಾಗಿ ಕೂತು ಓದಿದೆ. ಕಡಿಮೆ ತರಂಗಾಂತರದ 755 ನ್ಯಾನೊಮೀಟರ್ ಬೆಳಕನ್ನು ಮೆಲನಿನ್ ಜಾಸ್ತಿ ಹೀರುತ್ತದೆ, 1064ರದ್ದನ್ನು ಕಡಿಮೆ. ಕಂದು, ಕಪ್ಪು ಚರ್ಮಕ್ಕೆ 1064 ಹೆಚ್ಚು ಸುರಕ್ಷಿತ ಅನ್ನುವುದು ಅದಕ್ಕೆ. ಚರ್ಮವನ್ನು ಆರು ಬಗೆಯಾಗಿ ವಿಂಗಡಿಸುವ ಫಿಟ್ಸ್‌ಪ್ಯಾಟ್ರಿಕ್ ಪಟ್ಟಿಯನ್ನು ಎಲ್ಲಾ ಕೋರ್ಸಿನಲ್ಲೂ ತೋರಿಸುತ್ತಾರೆ. 1975ರಲ್ಲಿ ಅದು ಶುರುವಾದದ್ದೇ ಬಿಳಿ ಚರ್ಮದವರಿಗಾಗಿ. ಕಂದು, ಕಪ್ಪು ಬಣ್ಣಗಳು ಆಮೇಲೆ ಸೇರಿಕೊಂಡವು. ಇದನ್ನು ಮಾತ್ರ ಯಾರೂ ಹೇಳಲಿಲ್ಲ. ಸ್ಲೈಡಿನಲ್ಲಿ ನೋಡಿದ ಮುಖಗಳೂ ಹೆಚ್ಚಾಗಿ ಬಿಳಿಯವೇ. ಬಿಳಿ ಚರ್ಮ ಸುಟ್ಟರೆ ಕೆಂಪಾಗಿ ಕಾಣುತ್ತದೆ. ಗಾಢ ಚರ್ಮದಲ್ಲಿ ಆ ಕೆಂಪು ಸುಲಭಕ್ಕೆ ಕಣ್ಣಿಗೆ ಬೀಳಲ್ಲ, ಬೂದಿ ಬಣ್ಣ ತಿರುಗಿದಂತೆ ಕಾಣಬಹುದು. ನೋಡಿ ಗೊತ್ತಿಲ್ಲದವಳು ಇನ್ನೊಂದು ಸುತ್ತು ಹೊಡೆಯುತ್ತಾಳೆ.

ಅದೇ ದೊಡ್ಡ ಕ್ಲಿನಿಕ್ಕಿನಲ್ಲಿ ಸ್ಟಾಫ್ ರೂಮಿನ ಗೋಡೆಗೆ ಒಂದು ಬಿಳಿ ಬೋರ್ಡ್ ಇತ್ತು. ನಮ್ಮ ಹೆಸರು, ಮುಂದೆ ಅಂಕಿ. ಯಾರು ಎಷ್ಟು ಪ್ಯಾಕೇಜ್ ಮಾಡಿಸಿದರು, ಎಷ್ಟು ಸಿರಿಂಜ್ ಫಿಲ್ಲರ್ ಹೋಯಿತು ಅಂತ. ಫಿಲ್ಲರ್ ಅಂದರೆ ತುಟಿ, ಕೆನ್ನೆ ತುಂಬಿಕೊಳ್ಳಲೆಂದು ಚರ್ಮದಡಿ ಚುಚ್ಚುವ ಜೆಲ್‌ನಂಥದ್ದು. ವಾರ್ಡಿನಲ್ಲೂ ಬೋರ್ಡ್ ಇತ್ತು, ಅದರಲ್ಲಿ ಬೆಡ್ ನಂಬರ್ ಇರುತ್ತಿತ್ತು. ಸೋಮವಾರದ ಮೀಟಿಂಗಿನಲ್ಲಿ ಕೆಳಗಿನ ಮೂರು ಹೆಸರು ಜೋರಾಗಿ ಓದುತ್ತಿದ್ದರು. ನಾನು ಸಾಮಾನ್ಯವಾಗಿ ಆ ಮೂರರಲ್ಲೇ ಇರುತ್ತಿದ್ದೆ. ಒಂದು ಸಲ ಹದಿನಾರು ವರ್ಷದ ಹುಡುಗಿ ತಾಯಿಯ ಜೊತೆ ಬಂದಳು. ತುಟಿ ದಪ್ಪ ಬೇಕು. ಫೋನಿನಲ್ಲಿ ತೋರಿಸಿದ್ದು ಅವಳದೇ ಫೋಟೋ, ಫಿಲ್ಟರ್ ಹಾಕಿದ್ದು. ನಾನು ಕನ್ನಡಿ ಕೊಟ್ಟು ಸುಮ್ನೆ ಕೂತೆ. ಅಮ್ಮನಿಗೆ ಹೇಳಿದೆ, ಇನ್ನೆರಡು ವರ್ಷ ಬಿಟ್ಟು ಬನ್ನಿ. ಆ ವಾರ ನನ್ನ ಹೆಸರನ್ನು ಬೇರೆಯಾಗಿ, ನಿಧಾನವಾಗಿ ಓದಿದರು. ಇಂಗ್ಲೆಂಡಿನಲ್ಲಿ 2021ರ ಅಕ್ಟೋಬರ್ 1ರಿಂದ 18 ತುಂಬದವರಿಗೆ ಚೆಂದಕ್ಕಾಗಿ ಬೊಟಾಕ್ಸ್, ಫಿಲ್ಲರ್ ಕೊಡುವುದು ಅಪರಾಧ ಎಂದು ಆಮೇಲೆ ಓದಿದಾಗ, ಕತ್ತರಿಸಿ ಆ ಬೋರ್ಡಿಗೆ ಅಂಟಿಸಿ ಬರಬೇಕು ಅನ್ನಿಸಿತು. ಅಷ್ಟು ಹೊತ್ತಿಗೆ ಕೆಲಸ ಬಿಟ್ಟಿದ್ದೆ.

ಈಗಿರುವ ಕಡೆ ಬೋರ್ಡ್ ಇಲ್ಲ. ಫಿಲ್ಲರ್ ಡಾಕ್ಟರ್ ಮೇಡಂ ಅವರೇ ಹಾಕುತ್ತಾರೆ. ಬೊಟಾಕ್ಸ್ ಕಲಸುವುದು, ಲೇಸರ್, ಆ್ಯಸಿಡ್ ಹಚ್ಚಿ ಮೇಲಿನ ಚರ್ಮ ಸುಲಿಸುವ ಪೀಲ್, ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಮೈಕ್ರೋನೀಡ್ಲಿಂಗ್ ನನ್ನದು, ಮೇಡಂ ನೋಡಿ ಬರೆದುಕೊಟ್ಟ ಮೇಲೆ. ಕನ್ಸೆಂಟ್ ಫಾರ್ಮ್ ಓದಿ ಹೇಳುವುದೂ ನನ್ನದೇ. ಮುಂದಿನ ವಾರ ಮದುವೆ, ಇವತ್ತೇ ಸ್ಟ್ರಾಂಗ್ ಪೀಲ್ ಮಾಡಿ ಅನ್ನುವವರನ್ನು ವಾಪಸ್ ಕಳಿಸುವುದು ನನಗೆ ತುಂಬಾ ಇಷ್ಟವಾದ ಕೆಲಸ. ಬಿಳಿಯಾಗುತ್ತೆ ಅಂತ ಯಾರೋ ಕೊಟ್ಟ ಸ್ಟೀರಾಯ್ಡ್ ಕ್ರೀಮನ್ನು ವರ್ಷಗಟ್ಟಲೆ ಹಚ್ಚಿ, ಚರ್ಮ ತೆಳ್ಳಗಾಗಿ ಕೆಂಪು ನರ ಎದ್ದ ಮುಖಗಳೂ ಬರುತ್ತವೆ. ಏನು ಹಚ್ಚುತ್ತಿದ್ದೀರಿ ಅಂದರೆ, ಏನೂ ಇಲ್ಲ ಸಿಸ್ಟರ್ ಅನ್ನುತ್ತಾರೆ. ಬ್ಯಾಗಿನಲ್ಲಿರುವ ಟ್ಯೂಬ್ ತೋರಿಸಿ ಅಂದರೆ ತೋರಿಸುತ್ತಾರೆ. ಕೇಳುವ ರೀತಿ ವಾರ್ಡಿನಲ್ಲಿ ಕಲಿತದ್ದು.

ಒಬ್ಬ ಹಿರಿಯರು ಕೆನ್ನೆಯ ಮೇಲಿನ ಕಪ್ಪು ಚುಕ್ಕೆಯನ್ನು ಲೇಸರ್ ಹೊಡೆದು ತೆಗೆಯಿರಿ ಅಂತ ಬಂದಿದ್ದರು. ಹತ್ತಿರದಿಂದ ನೋಡಿದೆ. ಅಂಚು ಮುತ್ತು ಪೋಣಿಸಿದ ಹಾಗೆ ಎತ್ತರವಾಗಿ ಹೊಳೆಯುತ್ತಿತ್ತು. ಆಗಾಗ ರಕ್ತ ಬರುತ್ತಾ ಎಂದು ಕೇಳಿದೆ. ಟವೆಲ್ ತಾಗಿದರೆ ಬರುತ್ತಮ್ಮ, ಅದೇ ಕಾಟ ಅಂದರು. ಮೆಷೀನ್ ಆಫ್ ಮಾಡಿ ಮೇಡಂ ಅವರನ್ನು ಕರೆದೆ. ಬಯಾಪ್ಸಿಯಲ್ಲಿ ಬೇಸಲ್ ಸೆಲ್ ಕಾರ್ಸಿನೋಮಾ ಬಂತು, ಚರ್ಮದ ಕ್ಯಾನ್ಸರ್. ಕತ್ತರಿಸಿ ತೆಗೆದರು, ಗುಣವಾದರು. ಲೇಸರ್ ಹೊಡೆದಿದ್ದರೆ ಮೇಲಿನ ಬಣ್ಣ ಹೋಗಿ ಒಳಗಿನದ್ದು ಬೆಳೆಯುತ್ತಾ ಇರುತ್ತಿತ್ತು. ಆ ಎರಡು ದಿನದ ಕೋರ್ಸಿನಲ್ಲಿ ಯಾವುದಕ್ಕೆ ಲೇಸರ್ ಹೊಡೆಯಬಾರದು ಅನ್ನುವ ಸ್ಲೈಡೇ ಇರಲಿಲ್ಲ.

ಈಗ ಈ ಪತ್ರ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ.

ಒಂದು ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಒಬ್ಬರು ಮುಖಕ್ಕೆ ದುಪಟ್ಟಾ ಮುಚ್ಚಿಕೊಂಡು ನಿಂತಿದ್ದರು. ಹಿಂದಿನ ಸಂಜೆ ಬೇರೆ ಕಡೆ, ಮೂಗಿನ ಪಕ್ಕದಿಂದ ಬಾಯಿಯಂಚಿಗೆ ಇಳಿಯುವ ಮಡಿಕೆಗೆ ಫಿಲ್ಲರ್ ಹಾಕಿಸಿಕೊಂಡಿದ್ದರು. ರಾತ್ರಿಯೆಲ್ಲಾ ನೋವು. ಹಾಕಿದವರಿಗೆ ಫೋನ್ ಮಾಡಿದರೆ, ಬಾವು ಸಹಜ, ಐಸ್ ಇಡಿ ಅಂದರಂತೆ. ದುಪಟ್ಟಾ ಸರಿಸಿದೆ. ಬಾವು ಅಷ್ಟೇನೂ ಇರಲಿಲ್ಲ. ಮೂಗಿನ ಹೊಳ್ಳೆಯಿಂದ ಮೇಲ್ತುಟಿಯವರೆಗೆ ಬಲೆ ಹರಡಿದಂತೆ ನೇರಳೆ ಗೆರೆಗಳು, ನಡುವೆ ಬಿಳಿಚಿದ ಚರ್ಮ. ಬೆರಳಿಂದ ಒತ್ತಿ ಬಿಟ್ಟೆ. ಒಂದು, ಎರಡು ಎಣಿಸುವಷ್ಟರಲ್ಲಿ ಬಣ್ಣ ವಾಪಸ್ ಬರಬೇಕು. ಆರು ಎಣಿಸಿದರೂ ಬರಲಿಲ್ಲ. ಇನ್ನೊಂದು ಕೆನ್ನೆ ಒತ್ತಿ ನೋಡಿದೆ, ತಕ್ಷಣ ಬಂತು. 11 ವರ್ಷ ಸುಟ್ಟ ಕೈಕಾಲುಗಳ ಬೆರಳ ತುದಿ ಒತ್ತಿ ಎಣಿಸಿದ್ದೇನೆ. ರಕ್ತ ಹೋಗದ ಚರ್ಮ ನನ್ನ ಬೆರಳಿಗೆ ಗೊತ್ತು.

ಫಿಲ್ಲರ್ ರಕ್ತನಾಳದೊಳಗೆ ಹೋಗಿತ್ತು, ಇಲ್ಲವೇ ಅದನ್ನು ಹೊರಗಿಂದ ಅದುಮಿತ್ತು. ಆ ಜಾಗದಲ್ಲಿ ಓಡುವ ನಾಳ ಮೂಗಿನ ಪಕ್ಕ ಹತ್ತಿ ಕಣ್ಣಿನ ಕಡೆಯ ನಾಳಗಳನ್ನು ಸೇರುತ್ತದೆ. ಫಿಲ್ಲರ್ ಅಲ್ಲಿಯವರೆಗೆ ಹೋದರೆ ಕುರುಡಾಗುವುದೂ ಇದೆ. ಹೆಚ್ಚು ಅಪಾಯದ ಜಾಗ ಹುಬ್ಬಿನ ನಡುವೆ ಮತ್ತು ಮೂಗು. ಮೊದಲು ಕೇಳಿದ್ದು, ಕಣ್ಣು ಸರಿಯಾಗಿ ಕಾಣುತ್ತಿದೆಯಾ? ಒಂದೊಂದೇ ಕಣ್ಣು ಮುಚ್ಚಿಸಿ ನನ್ನ ಬೆರಳು ಎಣಿಸಲು ಹೇಳಿದೆ. ಸರಿ ಎಣಿಸಿದರು. ಆಮೇಲೆ ನಾನು ಉಸಿರಾಡಿದೆ. ಐಸ್ ಕಿತ್ತು ಎಸೆದೆ, ತಣ್ಣಗಾದರೆ ನಾಳ ಇನ್ನೂ ಮುದುರುತ್ತದೆ. ಬಿಸಿ ಬಟ್ಟೆ ಇಟ್ಟೆ. ಮೇಡಂ ಓಡಿ ಬಂದರು.

ಹಯಲುರಾನಿಕ್ ಆ್ಯಸಿಡ್ಡಿನ ಫಿಲ್ಲರಿಗೆ ಹಯಲುರೊನಿಡೇಸ್ ಎಂಬ ಮದ್ದು ಇದೆ, ಅದನ್ನು ಕರಗಿಸುತ್ತದೆ. ಎಲ್ಲಾ ಫಿಲ್ಲರಿಗೂ ಇದು ನಡೆಯಲ್ಲ. ಅದಕ್ಕೇ ಯಾವುದು ಹಾಕಿದರು ಅನ್ನುವುದು ಗೊತ್ತಾಗಬೇಕು. ಹಾಕಿದವರಿಗೆ ನಾನೇ ಫೋನ್ ಮಾಡಿದೆ. ಆ ಕಡೆ ಚಿಕ್ಕ ದನಿ. ನಾನು ಸ್ಟಾಫ್ ನರ್ಸ್ ಅಕ್ಕಾ, ಅಂದಳು. ಬಾಕ್ಸ್ ನೋಡಿ ಹೆಸರು ಓದಿ ಹೇಳಿದಳು. ಸರಿಯಾದ ಜಾತಿಯದೇ, ಪುಣ್ಯ. ನಿನ್ನ ಹತ್ತಿರ ಕರಗಿಸುವ ಮದ್ದು ಇತ್ತಾ ಎಂದು ಕೇಳಿದೆ. ಹಾಗಂದರೇನು ಅಂತ ಕೇಳಿದಳು.

ನಾನು ಬೈಯಲಿಲ್ಲ. ಅಂಥದ್ದೇ ಸರ್ಟಿಫಿಕೇಟ್ ಹಿಡಿದಿದ್ದಾಗ ನನಗೂ ಅದು ಗೊತ್ತಿರಲಿಲ್ಲ.

ಮೇಡಂ ಗಂಟೆಗೊಮ್ಮೆ ಚುಚ್ಚುತ್ತಾ ಹೋದರು. ನಾನು ಪಕ್ಕದಲ್ಲಿ ಕೂತು ಹದಿನೈದು ನಿಮಿಷಕ್ಕೊಮ್ಮೆ ಒತ್ತುವುದು, ಎಣಿಸುವುದು, ಬರೆಯುವುದು. ಆರು. ಆರು. ಐದು. ಮೂರನೇ ಡೋಸ್ ಆದ ಮೇಲೆ ನಾಲ್ಕು. ಮಧ್ಯಾಹ್ನ ಕಳೆದು ಮೂರಕ್ಕೆ ಇಳಿಯಿತು, ತುಟಿಯ ಬಿಳಿಚು ಹೋಗಿ ಬಣ್ಣ ಬಂತು. ಆ ಚೀಟಿ ಈಗಲೂ ಕೇಸ್ ಶೀಟಿನಲ್ಲಿದೆ. ಸಂಜೆ ಹೊರಗೆ ಬಂದರೆ ಆ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಬರಲು ಧೈರ್ಯವಿಲ್ಲದೆ ಎರಡು ಗಂಟೆಯಿಂದ ಅಲ್ಲೇ ಇದ್ದಳಂತೆ. ಅಕ್ಕಾ, ಬಣ್ಣ ಬಂತಾ? ಅಷ್ಟೇ ಕೇಳಿದ್ದು. ಬಂತು ಅಂದ ತಕ್ಷಣ ಅತ್ತಳು. ಆ ರೋಗಿಗೆ ಮೂಗಿನ ಪಕ್ಕ ಸಣ್ಣ ಕಲೆ ಉಳಿದಿದೆ, ಮೇಕಪ್ ಹಾಕಿದರೆ ಕಾಣಲ್ಲ. ಅವರು ಆ ಹುಡುಗಿಯ ಮೇಲೆ ಕಂಪ್ಲೇಂಟ್ ಕೊಡಲಿಲ್ಲ. ಕೊಟ್ಟಿದ್ದರೂ ನಾನು ತಪ್ಪು ಅನ್ನುತ್ತಿರಲಿಲ್ಲ. ಆದರೆ ಎರಡು ದಿನ ಕಲಿಸಿ ಕಳಿಸಿದವರ ಮೇಲೆ ಯಾರು ಕಂಪ್ಲೇಂಟ್ ಕೊಡುತ್ತಾರೆ?

ಬೇರೆ ಕಡೆ ಎಲ್ಲಾ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ, ತಮ್ಮದೇ ರಕ್ತದ ಪ್ಲಾಸ್ಮಾ ಹಚ್ಚಿ ಮೈಕ್ರೋನೀಡ್ಲಿಂಗ್ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ಬಂದ ವರದಿಯನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2024ರಲ್ಲಿ ಪ್ರಕಟಿಸಿತು. ಹೆಸರು ಬರೆಯದ ರಕ್ತದ ಟ್ಯೂಬ್‌ಗಳು ಅಡುಗೆ ಕೌಂಟರಿನ ಮೇಲೆ, ಇಂಜೆಕ್ಷನ್ ಔಷಧಗಳು ಊಟದ ಜೊತೆ ಫ್ರಿಜ್‌ನಲ್ಲಿ. ಟ್ಯೂಬಿಗೆ ಹೆಸರು ಬರೆಯದೆ ಕೆಳಗಿಡಬೇಡ ಅಂತ ಫಸ್ಟ್ ಇಯರ್ ನರ್ಸಿಂಗ್ ಹುಡುಗಿಗೂ ಕಿವಿ ಹಿಂಡಿ ಕಲಿಸಿರುತ್ತಾರೆ.

ಆದರೆ ಕೆಲವು ಕಡೆ ನಿಯಮ ಅಂತ ಒಂದಿದೆ. ಅಮೆರಿಕದಲ್ಲಿ ಈ ಕೆಲಸದ ನರ್ಸ್‌ಗಳಿಗೆಂದೇ ಒಂದು ಪರೀಕ್ಷೆ ಇದೆ, ಸಿಎಎನ್‌ಎಸ್ ಅಂತ. ಅದಕ್ಕೆ ಕೂರಲು ಚರ್ಮದ ಅಥವಾ ಪ್ಲಾಸ್ಟಿಕ್ ಸರ್ಜರಿಯಂಥ ವಿಭಾಗದ ತಜ್ಞ ಡಾಕ್ಟರ ಜೊತೆ ಎರಡು ವರ್ಷದಲ್ಲಿ ಕನಿಷ್ಠ 1000 ಗಂಟೆ ಕೆಲಸ ಮಾಡಿರಬೇಕು. ಸಾವಿರ ಗಂಟೆ! ನಮ್ಮ ಶನಿವಾರ, ಭಾನುವಾರ ಸೇರಿಸಿದರೆ ಹದಿನಾಲ್ಕು. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್, ಔಷಧ ಬರೆಯುವ ಅಧಿಕಾರವಿರುವ ನರ್ಸ್‌ಗಳು ಬೊಟಾಕ್ಸಿನಂಥದ್ದನ್ನು ಬರೆಯುವ ಮುಂಚೆ ಆ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ನೋಡಲೇಬೇಕು ಎಂದು 2025ರ ಜೂನ್ 1ರಿಂದ ಹೇಳಿದೆ. ಫೋನಿನಲ್ಲಿ ನೋಡಿ ಬರೆಯುವ ಹಾಗಿಲ್ಲ. ನರ್ಸ್ ಏನು ಮಾಡಬಹುದು, ಏನು ಮಾಡಬಾರದು ಅನ್ನುವುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಹೊಸದಾಗಿ ಹೊರಟವರು ಮೊದಲು ಕೇಳಬೇಕಾದದ್ದು ಕ್ಲಿನಿಕ್ಕಿನ ಮಾಲೀಕರನ್ನಲ್ಲ, ತಮ್ಮ ಕೌನ್ಸಿಲನ್ನು. ಕೇಸ್ ಆದರೆ ರಿಜಿಸ್ಟ್ರೇಷನ್ ಹೋಗುವುದು ನಮ್ಮದು.

ಬೈದು ಬರೆದ ಓದುಗರಿಗೆ ನನ್ನ ಉತ್ತರ ಇಷ್ಟು. ನರ್ಸ್‌ಗಳು ಈ ಕೆಲಸಕ್ಕೆ ಬರುತ್ತಾರೆ, ನೀವು ಬೈದರೂ ಬರುತ್ತಾರೆ. ಬರುವವರನ್ನು ಡಾಕ್ಟರ ಪಕ್ಕ ತಿಂಗಳುಗಟ್ಟಲೆ ನಿಲ್ಲಿಸಿ ಕಲಿಸುವ ಕೋರ್ಸ್ ಬೇಕು ಅಂತ ಬರೆಯಿರಿ. ಕೌನ್ಸಿಲ್‌ನವರು, ನರ್ಸಿಂಗ್ ಕಾಲೇಜಿನವರು ಓದುತ್ತಿದ್ದರೆ ಅವರಿಗೂ ಇದನ್ನೇ ಹೇಳುತ್ತೇನೆ. ಚಿನ್ನದ ಅಂಚಿನ ಕಾಗದ ಮಾರುವವರನ್ನು ಒಮ್ಮೆ ಹೋಗಿ ನೋಡಿ ಬನ್ನಿ.

ತಿಂಗಳಿಗೆ ಎರಡು ಮೂರು ಫೋನ್ ಬರುತ್ತವೆ. ಅಕ್ಕಾ, ಸ್ಕಿನ್ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿದೆ, ಸೇರಲಾ? ಸಂಬಳ ಎಷ್ಟು ಅಂತ ನಾನು ಕೇಳಲ್ಲ. ಇಂಟರ್ವ್ಯೂಗೆ ಹೋದಾಗ ಎಮರ್ಜೆನ್ಸಿ ಡಬ್ಬಿ ತೋರಿಸಿ ಅಂತ ಕೇಳು ಅನ್ನುತ್ತೇನೆ. ಅದರಲ್ಲಿ ಅಲರ್ಜಿ ಜೋರಾದರೆ ಕೊಡುವ ಅಡ್ರಿನಲಿನ್ ಇದೆಯಾ, ಹಯಲುರೊನಿಡೇಸ್ ಇದೆಯಾ, ಲೇಸರ್ ಕೋಣೆಯಲ್ಲಿ ಆ ಮೆಷೀನಿಗೆ ಹೊಂದುವ ಕನ್ನಡಕ ಇದೆಯಾ. ಡಾಕ್ಟರ್ ಕ್ಲಿನಿಕ್ಕಿನಲ್ಲಿ ಇರುತ್ತಾರಾ, ಬೋರ್ಡಿನ ಮೇಲೆ ಮಾತ್ರ ಇರುತ್ತಾರಾ. ಒಬ್ಬಳು ಕೇಳಿದ್ದಕ್ಕೆ, ನೀನು ಕೆಲಸಕ್ಕೆ ಬಂದಿದ್ದೀಯೋ ಇನ್‌ಸ್ಪೆಕ್ಷನ್‌ಗೋ ಅಂದರಂತೆ. ಅವಳು ಸೇರಲಿಲ್ಲ.

ಮೆಟ್ಟಿಲ ಮೇಲೆ ಅತ್ತ ಹುಡುಗಿ ಈಗ ನಮ್ಮ ಕ್ಲಿನಿಕ್ಕಿನಲ್ಲೇ ಇದ್ದಾಳೆ, ಐದು ತಿಂಗಳಾಯಿತು. ಇನ್ನೂ ಲೇಸರ್ ಹ್ಯಾಂಡ್‌ಪೀಸ್ ಒಬ್ಬಳೇ ಹಿಡಿಯಲು ಬಿಟ್ಟಿಲ್ಲ. ನನ್ನ ಮೇಲೆ ಸ್ವಲ್ಪ ಮುನಿಸಿದೆ. ಇವತ್ತು 1ನೇ ತಾರೀಕು. ಡಬ್ಬಿಯ ಔಷಧಗಳ ಎಕ್ಸ್‌ಪೈರಿ ನೋಡುವ ದಿನ. ಒಳಗಿಂದ ಕೂಗುತ್ತಿದ್ದಾಳೆ, ಅಕ್ಕಾ, ಒಂದು ಅಡ್ರಿನಲಿನ್ ಮುಂದಿನ ತಿಂಗಳಿಗೆ ಮುಗಿಯುತ್ತೆ, ಈಗಲೇ ತರಿಸಲಾ ಅಂತ.

ಕ್ಲಿನಿಕ್ಕಿಗೆ ಬರುವವರ ಗುಟ್ಟಿನ ದೃಷ್ಟಿಯಿಂದ ನನ್ನ ಹೆಸರು ಹಾಕಬೇಡಿ.

ಇಂತಿ,
ಒಬ್ಬ ಸ್ಟಾಫ್ ನರ್ಸ್